ಕ್ಯಾಪ್ಟನ್ ಇಲ್ಲದ ಹಡಗಿಗೆ ಕಾಫಿ ಹತ್ತಿಸುವ ಮುನ್ನ

ಹಾಸನದಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಟೇನರ್‌ಗೆ ಕಾಫಿ ಮೂಟೆ ತುಂಬುವ ಮೊದಲು ಒಬ್ಬರು ಒಳಗೆ ಹೋಗಿ ನಿಲ್ಲುತ್ತಾರೆ. ಹೊರಗಿನಿಂದ ಬಾಗಿಲು ಹಾಕುತ್ತಾರೆ. ಆ ಕತ್ತಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಕಂಟೇನರ್ ವಾಪಸ್. ಬೆಳಕು ಬಂದ ತೂತಿನಲ್ಲಿ ನೀರೂ ಬರುತ್ತದೆ, ಬೀಜ ಬೂಷ್ಟು ಹಿಡಿಯುತ್ತದೆ. ಇಷ್ಟು ಜತನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿನ ಪಣಂಬೂರು ಬಂದರು ಸೇರುವ ಕಾಫಿ ಮುಂದೊಂದು ದಿನ ಆಳಿಲ್ಲದ ಹಡಗನ್ನು ಏರಬಹುದು. ಆಗ ಬೆಳೆಗಾರರು, ರಫ್ತುದಾರರು ಏನೇನು ಕೇಳಬೇಕು?

ಮೊದಲು, ಹಡಗು ಯಾವ ದರ್ಜೆಯದು ಎಂದು ಕೇಳಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2021ರಲ್ಲಿ ಮುಗಿಸಿದ ನಿಯಮಗಳ ಪರಿಶೀಲನೆಗೆ ಸ್ವಯಂಚಾಲನೆಯ ನಾಲ್ಕು ದರ್ಜೆ ಮಾಡಿಕೊಂಡಿತ್ತು. ಮೊದಲ ಎರಡರಲ್ಲಿ ನಾವಿಕರು ಹಡಗಿನಲ್ಲೇ ಇರುತ್ತಾರೆ. ಮೂರನೆಯದನ್ನು ದೂರದಿಂದ ನಡೆಸುತ್ತಾರೆ, ಒಳಗೆ ಯಾರೂ ಇಲ್ಲ. ನಾಲ್ಕನೆಯದು ತಾನೇ ತೀರ್ಮಾನಿಸಿ ಸಾಗುತ್ತದೆ. ‘ಸ್ವಯಂಚಾಲಿತ’ ಎಂಬ ಮಾತೊಂದನ್ನೇ ನಂಬಬೇಡಿ. ನಾರ್ವೆಯ ಬ್ಯಾಟರಿ ಹಡಗು ಯಾರಾ ಬಿರ್ಕೆಲ್ಯಾಂಡ್ ಕೂಡ 2022ರಲ್ಲಿ ಸರಕು ಸಾಗಣೆ ಶುರುಮಾಡಿದ್ದು ಸಿಬ್ಬಂದಿಯನ್ನು ಇಟ್ಟುಕೊಂಡೇ.

ಆಮೇಲೆ, ಹೊಣೆ ಯಾರದು? ಕಗ್ಗಂಟು ಇರುವುದು ಇಲ್ಲೇ. 1982ರ ವಿಶ್ವಸಂಸ್ಥೆ ಕಡಲ ಕಾನೂನಿನಂತೆ ಪ್ರತಿ ಹಡಗೂ ಅರ್ಹ ಕ್ಯಾಪ್ಟನ್ ಮತ್ತು ಅಧಿಕಾರಿಗಳ ಉಸ್ತುವಾರಿಯಲ್ಲಿರಬೇಕು. ದಡದ ಕೋಣೆಯಲ್ಲಿ ಪರದೆ ನೋಡುತ್ತ ಕೂತವರು ಕ್ಯಾಪ್ಟನ್ ಆಗುತ್ತಾರೆಯೇ? ಒಬ್ಬರೇ ಮೂರು ಹಡಗು ನೋಡಿಕೊಂಡರೆ? ಡಿಕ್ಕಿ ತಡೆಯುವ 1972ರ ನಿಯಮಾವಳಿಯ 5ನೇ ನಿಯಮ, ಕಣ್ಣು ಕಿವಿ ತೆರೆದು ಸದಾ ಕಾವಲಿರಬೇಕು ಎನ್ನುತ್ತದೆ. ಕ್ಯಾಮೆರಾ, ಮೈಕು ಆ ಕಣ್ಣು ಕಿವಿಯಾಗಬಲ್ಲವೇ? ನಾವಿಕರ ತರಬೇತಿಯ 1978ರ ಒಪ್ಪಂದವೂ ಹಡಗಿನಲ್ಲಿ ದುಡಿಯುವವರಿಗಾಗಿಯೇ ಬರೆದದ್ದು. ಹಾಗಾಗಿ ದಡದಲ್ಲಿ ಕೂತವರ ಅರ್ಹತೆ ಏನು, ಅದನ್ನು ಒಪ್ಪಿದ ದೇಶ ಯಾವುದು ಎಂದು ಬಿಡಿಸಿ ಕೇಳಿ.

ಮೂರನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡುವಂಥದ್ದು. 2025ರ ಜೂನ್‌ನಲ್ಲಿ ಕೇರಳ ಕರಾವಳಿಯಾಚೆ ವಾನ್ ಹೈ 503 ಕಂಟೇನರ್ ಹಡಗು ಹೊತ್ತಿ ಉರಿಯಿತು. 22 ಸಿಬ್ಬಂದಿಯಲ್ಲಿ ಜೀವ ಉಳಿಸಿಕೊಂಡ 18 ಮಂದಿಯನ್ನು ಮಂಗಳೂರಿಗೆ ಕರೆತಂದರು. ಹಡಗಿನಲ್ಲಿ ಆಳೇ ಇಲ್ಲದಿದ್ದರೆ ಸಾವೂ ಇಲ್ಲ ಎನ್ನುತ್ತಾರೆ, ನಿಜ. ಆದರೆ ಹೊಗೆ ಕಂಡ ಕ್ಷಣ ನೀರು ಹಾಯಿಸುವವರಾರು? ಸಮುದ್ರದಲ್ಲಿ ಆಪತ್ತಿಗೆ ಸಿಕ್ಕವರಿಗೆ ನೆರವಾಗುವುದು ಕ್ಯಾಪ್ಟನ್‌ನ ಕರ್ತವ್ಯವೆಂದು ಅದೇ ಕಡಲ ಕಾನೂನು ಹೇಳುತ್ತದೆ. ಮುಳುಗುತ್ತಿರುವ ಮೀನುಗಾರನಿಗೆ ಆ ಹಡಗಿನಿಂದ ಹಗ್ಗ ಎಸೆಯುವ ಕೈ ಯಾವುದು? ಇದಕ್ಕೆ ಉತ್ತರವಿಲ್ಲದ ಹಡಗಿಗೆ ನಮ್ಮ ಕಾಫಿ ಹತ್ತಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದದ್ದು ಕಾಗದಪತ್ರ. ಹೊರಡುವ, ತಲುಪುವ ಎರಡೂ ಬಂದರುಗಳ ಒಪ್ಪಿಗೆ ಇದೆಯೇ, ಹ್ಯಾಕಿಂಗ್‌ನಿಂದಾದ ನಷ್ಟ ವಿಮೆಯೊಳಗೆ ಬರುತ್ತದೆಯೇ ನೋಡಿ. ಇಂಥ ಹಡಗುಗಳಿಗೆ ಕಡ್ಡಾಯ ಸಂಹಿತೆಯನ್ನು 2032ರ ಜನವರಿ 1ರಿಂದ ಜಾರಿಗೆ ತರುವುದು ಐಎಂಒ ಗುರಿ. ಅಲ್ಲಿಯವರೆಗೆ ಏಜೆಂಟರು ಬಾಯಲ್ಲಿ ಕೊಡುವ ಭರವಸೆ ಸಾಲದು. ಸರಕು ಹಡಗೇರಿತೆಂಬ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್, ಕೈಗೆ ಬರುವ ಮೊದಲೇ ಎಲ್ಲವನ್ನೂ ಬರಹದಲ್ಲಿ ಪಡೆಯಿರಿ.