ಮೊದಲ ಸಲ ಆಫ್‌ರೋಡ್ ಕೂಟಕ್ಕೆ ಹೊರಟಿದ್ದೀರಾ? ಗಾಡಿಯಿಂದ ಇಳಿದು ನಡೆಯಿರಿ

ಭಾನುವಾರ ಬೆಳಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಥಾರ್, ಜಿಮ್ನಿ, ಗೂರ್ಖಾ, ಹಳೇ ಜಿಪ್ಸಿ ಸಾಲಾಗಿ ನಿಂತಿದ್ದರೆ, ಹತ್ತಿರದಲ್ಲೆಲ್ಲೋ ಆಫ್‌ರೋಡ್ ಕೂಟ, ಅಂದರೆ ರಸ್ತೆ ಬಿಟ್ಟು ಕಲ್ಲು ಕೆಸರಿನಲ್ಲಿ ಗಾಡಿ ಓಡಿಸುವ ಕೂಟ, ಇರಬೇಕು ಅಂತ ಗೊತ್ತಾಗುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ನಿಮ್ಮ ಫೋರ್ ಬೈ ಫೋರ್ ಗಾಡಿ ಈವರೆಗೆ ಆಫೀಸಿಗೂ ಊರಿಗೂ ಮಾತ್ರ ಓಡಿದ್ದು, ನಿಮಗೂ ಒಮ್ಮೆ ಆ ಸಾಲಿನಲ್ಲಿ ನಿಲ್ಲುವ ಆಸೆ ಇದ್ದರೆ ಈ ಲೇಖನ ನಿಮಗೇ.

ನಾನು ಮೊದಲ ಸಲ ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ನನ್ನ ಕೀಲಿ ಇಸಿದುಕೊಂಡು, "ಗಾಡಿ ಇಲ್ಲೇ ಇರಲಿ, ಟ್ರ್ಯಾಕ್ ಪೂರ್ತಿ ಒಂದು ಸುತ್ತು ನಡೆದು ಬಾ ಮಗಾ" ಅಂದರು. ಮುಂದೆ ನಾನು ಕಲಿತದ್ದೆಲ್ಲ ಆ ನಡಿಗೆಯಿಂದಲೇ ಶುರುವಾಯಿತು.

ಹೆಸರು ಕೊಡುವ ಮುಂಚೆ

ಮೊದಲು ಜಾಗ ಯಾರದು ಅಂತ ಕೇಳಿ. ಮಾಲೀಕರ ಒಪ್ಪಿಗೆ ಇರುವ ಖಾಸಗಿ ಜಮೀನಾದರೆ ಸರಿ. ಕೆರೆ ಅಂಗಳ, ಹುಲ್ಲುಗಾವಲು, ಕಾಡಂಚು ಅಂದರೆ ಹೋಗಲೇಬೇಡಿ. ಹೆಸರಘಟ್ಟದ ಹುಲ್ಲುಗಾವಲು ನೋಡುವವರಿಗೆ ಖಾಲಿ ಬಯಲು. ಆದರೆ ಅಲ್ಲಿ ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳಿವೆ, ಒಂದು ಟಯರ್ ಹರಿದರೆ ಮೊಟ್ಟೆ ಹೋಯಿತು. ರಾಮನಗರದ ಬಂಡೆಗಳೂ ಕೈಬೀಸಿ ಕರೆಯುತ್ತವೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅದನ್ನು ಮರೆಯಬೇಡಿ.

ಹೊಸಬರಿಗೆ ಬೇರೆ ಟ್ರ್ಯಾಕ್ ಇದೆಯಾ, ಮಾರ್ಷಲ್‌ಗಳು ಇರುತ್ತಾರಾ, ಆಂಬುಲೆನ್ಸ್ ನಿಂತಿರುತ್ತದಾ ಅಂತಲೂ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಆ ಕೂಟ ಬೇಡ. ವಿಮೆ ಕಂಪನಿಗೂ ಒಂದು ಫೋನ್ ಮಾಡಿ. ಸಾಮಾನ್ಯ ಕಾರ್ ಪಾಲಿಸಿಗಳಲ್ಲಿ ರೇಸು, ವೇಗದ ಪರೀಕ್ಷೆಗಳಿಗೆ ಪರಿಹಾರ ಇರುವುದಿಲ್ಲ. ನಿಮ್ಮ ಕೂಟ ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಮೊದಲೇ ತಿಳಿದಿರಲಿ.

ಕೂಟಕ್ಕೆ ಅಂತ ಗಾಡಿಗೆ ದೊಡ್ಡ ಟಯರು, ಬುಲ್ ಬಾರ್ ಹಾಕಿಸಲು ಹೋಗಬೇಡಿ. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಸಲಕ್ಕೆ ಶೋರೂಮಿನಿಂದ ಬಂದ ಗಾಡಿಯೇ ಧಾರಾಳ ಸಾಕು.

ಹಿಂದಿನ ದಿನ

ಎಳೆಯುವ ಕೊಕ್ಕೆ ಎಲ್ಲಿದೆ ಅಂತ ಮನೆಯಲ್ಲೇ ಹುಡುಕಿ. ಕೆಲವು ಗಾಡಿಗಳಲ್ಲಿ ಅದು ಟೂಲ್ ಕಿಟ್ ಒಳಗಿರುತ್ತದೆ, ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಕೆಸರಿನಲ್ಲಿ ಮೊಣಕಾಲೂರಿ ಹುಡುಕುವ ಕೆಲಸ ಅದಲ್ಲ. ಸ್ಟೆಪ್ನಿ ಗಾಳಿ, ಬ್ರೇಕ್, ಕೂಲಂಟ್ ನೋಡಿಕೊಳ್ಳಿ. ಒಳಗಿನ ಸಾಮಾನನ್ನೆಲ್ಲ ಕಟ್ಟಿಡಿ. ಇಳಿಜಾರಿನಲ್ಲಿ ಒಂದು ನೀರಿನ ಬಾಟಲಿ ಉರುಳಿಕೊಂಡು ಹೋಗಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೂ ಸಾಕು, ಅನಾಹುತ.

ಗಾಳಿ ಅಳೆಯುವ ಗೇಜ್, ಗಾಡಿಯ ಸಾಕೆಟ್‌ಗೆ ಹಾಕುವ ಸಣ್ಣ ಕಂಪ್ರೆಸರ್, ಸಲಿಕೆ, ಕೈಗವಸು, ಒಂದು ಜೊತೆ ಬಟ್ಟೆ, ಸೀಟಿಗೆ ಹಾಸಲು ಹಳೇ ಬೆಡ್‌ಶೀಟ್ ಇರಲಿ. ಚಪ್ಪಲಿ ಬೇಡ, ಶೂ ಹಾಕಿ. ಮಜ್ಜಿಗೆ, ಚಿತ್ರಾನ್ನ ಕಟ್ಟಿಕೊಂಡರೆ ಮಧ್ಯಾಹ್ನದ ಚಿಂತೆ ಇಲ್ಲ.

ಮೈದಾನ ಸೇರಿದ ಮೇಲೆ

ಮೊದಲ ಕೆಲಸ ಗಾಳಿ ಬಿಡುವುದು. ರಸ್ತೆಯಲ್ಲಿ 32 ಪಿಎಸ್‌ಐ ಆಸುಪಾಸು ಇರುವ ಟಯರನ್ನು ಇಲ್ಲಿ 20–22ಕ್ಕೆ ಇಳಿಸಿ. ಗಾಳಿ ಕಡಿಮೆಯಾದಾಗ ಟಯರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಹಿಡಿತ ಹೆಚ್ಚುತ್ತದೆ, ಕಲ್ಲಿನ ಏಟನ್ನೂ ತಾನೇ ನುಂಗುತ್ತದೆ. ನಮ್ಮ ಕೆಂಪು ಮಣ್ಣು ಮಳೆಗೆ ನೆನೆದರೆ ಸೋಪಿನ ಹಾಗೆ ಜಾರುತ್ತದಲ್ವಾ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 18ಕ್ಕಿಂತ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಬಹುದು.

ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು 4ಎಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು, ಹಾಕಿ. ಇದರಲ್ಲಿ ವೇಗ ಕಡಿಮೆ, ಎಳೆತ ಜಾಸ್ತಿ. ಆಕ್ಸಿಲರೇಟರ್ ಒತ್ತಿ ಗೆಲ್ಲುವ ಆಟವಲ್ಲ ಇದು.

ಈಗ ಇಳಿದು ನಡೆಯಿರಿ. ಥಾರ್ ಅಡಿಯಲ್ಲಿ ನೆಲಕ್ಕೆ 226 ಮಿ.ಮೀ. ಜಾಗ ಇದೆ, ಜಿಮ್ನಿಗೆ 210. ಹೆಚ್ಚುಕಡಿಮೆ ಒಂದು ಗೇಣು. ಜನ ಕೂತು, ಗಾಳಿ ಇಳಿಸಿದ ಮೇಲೆ ಇನ್ನೂ ಕಡಿಮೆ. ಹಾಗಾಗಿ ದಾರಿಯ ಕಲ್ಲನ್ನು ಕೈಯಿಂದಲೇ ಅಳೆಯಿರಿ. ಗೇಣಿನ ಹತ್ತಿರಕ್ಕೆ ಬರುವ ಕಲ್ಲನ್ನು ಎರಡು ಚಕ್ರಗಳ ಮಧ್ಯೆ ಬಿಡಬೇಡಿ, ಚಕ್ರವನ್ನೇ ಅದರ ಮೇಲೆ ಹತ್ತಿಸಿ. ನೀರಿದ್ದರೆ ಕೋಲು ಹಾಕಿ ನೋಡಿ. ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ., ಅಂದರೆ ಮೊಣಕಾಲಿಗಿಂತ ಸ್ವಲ್ಪ ಮೇಲೆ. ನೀರಿನ ಮಧ್ಯೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಒಳಗಿನ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ.

ಓಡಿಸುವಾಗ ಹೆಬ್ಬೆರಳು ಸ್ಟೀರಿಂಗಿನ ಒಳಗೆ ಸುತ್ತಿಕೊಂಡಿರಬಾರದು, ಮೇಲೆಯೇ ಇರಲಿ. ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ತಟ್ಟನೆ ತಿರುಗುತ್ತದೆ. ನನ್ನ ಹೆಬ್ಬೆರಳು ಎರಡು ವಾರ ಊದಿಕೊಂಡಿತ್ತು. ಇಳಿಜಾರಿನಲ್ಲಿ ಮೊದಲ ಗೇರ್ ಹಾಕಿ, ಕ್ಲಚ್‌ನಿಂದ ಕಾಲು ತೆಗೆದುಬಿಡಿ, ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ದಿಬ್ಬ ಅರ್ಧಕ್ಕೆ ಹತ್ತಿ ನಿಂತರೆ ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೇ ಬನ್ನಿ. ಅಲ್ಲೇ ಅಡ್ಡ ತಿರುಗಿಸಲು ಹೋದರೆ ಗಾಡಿ ಮಗುಚುತ್ತದೆ.

ಮುಂದೆ ನಿಂತು ಕೈಸನ್ನೆ ಮಾಡುವವರಿಗೆ ಸ್ಪಾಟರ್ ಅನ್ನುತ್ತಾರೆ. ಸುತ್ತ ಇಪ್ಪತ್ತು ಜನ ಕೂಗುತ್ತಿದ್ದರೂ ನೀವು ನೋಡಬೇಕಾದದ್ದು ಆ ಒಬ್ಬರನ್ನು ಮಾತ್ರ. ಅವರು ಕಾಣಿಸದಿದ್ದರೆ ಗಾಡಿ ನಿಲ್ಲಿಸಿ.

ಹೂತುಹೋದಾಗ

ಹೂತೇ ಹೋಗುತ್ತದೆ, ನಾಚಿಕೆ ಬೇಡ. ಚಕ್ರ ಸುಮ್ನೆ ತಿರುಗತೊಡಗಿದ ಕೂಡಲೇ ಕಾಲು ತೆಗೆಯಿರಿ. ಒತ್ತಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ. ಇಳಿದು, ಚಕ್ರದ ಮುಂದಿನ ಮಣ್ಣು ಸಲಿಕೆಯಿಂದ ತೆಗೆದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಆಗದಿದ್ದರೆ ಹಗ್ಗ. ಆಫ್‌ರೋಡಿನಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿಯೇ. ಎಳೆಯಲು ಬಳಸುವ ಕೈನೆಟಿಕ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ಆ ಬಲದಿಂದಲೇ ಗಾಡಿಯನ್ನು ಕೀಳುತ್ತದೆ. ಕೊಕ್ಕೆ ಮುರಿದರೆ ಆ ಕಬ್ಬಿಣದ ತುಂಡು ಗುಂಡಿನಂತೆ ಹಾರುತ್ತದೆ. ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಇರುವ ಕಬ್ಬಿಣದ ಉಂಡೆಗೆ ಹಗ್ಗ ಕಟ್ಟಿ, ಅದು ಮುರಿದು ಹಾರಿ ಜನ ಸತ್ತದ್ದೂ ಇದೆ. ಅದಕ್ಕೇ ಚಾಸಿಗೆ ಭದ್ರವಾಗಿ ಕೂತ ಕೊಕ್ಕೆಗೆ ಮಾತ್ರ ಹಗ್ಗ ಹಾಕಬೇಕು. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ಇರಬಾರದು. ವಿಡಿಯೊ ಮಾಡುತ್ತಾ ಹತ್ತಿರ ಬರುವವರನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿ. ಮಕ್ಕಳನ್ನು ಕರೆದೊಯ್ದಿದ್ದರೆ ಆ ಹೊತ್ತಿನಲ್ಲಿ ಅವರ ಕೈ ನಿಮ್ಮ ಕೈಯಲ್ಲಿರಲಿ.

ಮನೆ ಕಡೆ ಹೊರಟಾಗ

ಡಾಂಬರು ಸಿಗುವ ಮುಂಚೆ ಎರಡು ಕೆಲಸ. 4ಎಲ್ ತೆಗೆದು, ಎರಡೇ ಚಕ್ರಕ್ಕೆ ಬಲ ಹೋಗುವ 2ಎಚ್‌ಗೆ ಬನ್ನಿ, ಒಣ ಡಾಂಬರಿನಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸಿದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಟಯರಿಗೆ ಮತ್ತೆ ಗಾಳಿ ತುಂಬಿ. ಕಡಿಮೆ ಗಾಳಿಯಲ್ಲಿ ಹೈವೇಗೆ ಹೋದರೆ ಟಯರ್ ಕಾದು ಸಿಡಿಯಬಹುದು. ಮೊದಲ ಐವತ್ತು ಮೀಟರಿನಲ್ಲೇ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ.

ಮೈಸೂರು ರಸ್ತೆಗೆ ಬಂದು 60–70ರ ವೇಗ ಹಿಡಿದಾಗ ಸ್ಟೀರಿಂಗ್ ಗಡಗಡ ಅನ್ನತೊಡಗಿದರೆ ಹೆದರಬೇಡಿ. ಬಹುಪಾಲು ಅದು ರಿಮ್ಮಿನ ಒಳಗೆ ಮೆತ್ತಿಕೊಂಡ ಕೆಸರು. ಕಾಫಿಗೆ ನಿಲ್ಲಿಸಿದಾಗ ಒಂದು ಕಡ್ಡಿಯಿಂದ ಕೆರೆದು ತೆಗೆಯಿರಿ. ಆಗಲೂ ನಡುಕ ಹೋಗದಿದ್ದರೆ ನಿಧಾನವಾಗಿ ಮನೆ ಸೇರಿ, ಮಾರನೇ ದಿನ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ಅಡಿ ನೋಡಿಸಿ.