ಕಲಬುರಗಿಯಲ್ಲಿ ಧೂಳಿನ ಮಾಪಕಗಳನ್ನು ನಾನು ಪರೀಕ್ಷಿಸಿದ ಬಗೆ

ಕಡಿಮೆ ಬೆಲೆಯ ಮೂರು ಗಾಳಿ ಮಾಪಕಗಳನ್ನು ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಅಕ್ಕಪಕ್ಕದಲ್ಲಿಟ್ಟಾಗ ಮೂರೂ ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಿಸಿದವು. ಅಷ್ಟರಿಂದ ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಒಂದೇ ತತ್ವದ ಮೇಲೆ ನಡೆಯುವ ಉಪಕರಣಗಳು ಒಟ್ಟಿಗೇ ತಪ್ಪಲೂಬಹುದು. ಇವು ಧೂಳನ್ನು ತೂಗುವುದಿಲ್ಲ. ಸಣ್ಣ ಫ್ಯಾನ್ ಎಳೆದುಕೊಂಡ ಗಾಳಿಗೆ ಲೇಸರ್ ಬೆಳಕು ಹಾಯಿಸಿ, ಕಣಗಳು ಚದುರಿಸಿದ ಬೆಳಕನ್ನು ಅಳೆದು, ಅದರಿಂದ ತೂಕವನ್ನು ಅಂದಾಜು ಮಾಡುತ್ತವೆ. ಆ ಅಂದಾಜಿಗೆ ತಯಾರಕರು ಹಿಡಿದ ಲೆಕ್ಕ ನಮ್ಮ ಊರಿನ ಧೂಳಿಗೂ ಹೊಂದಬೇಕೆಂದೇನಿಲ್ಲ.

ಆದ್ದರಿಂದ ತೂಗಿಯೇ ನೋಡಬೇಕೆಂದು, ಪರಿಚಯದ ಪ್ರಯೋಗಾಲಯವೊಂದರಿಂದ ಫಿಲ್ಟರ್ ಸ್ಯಾಂಪ್ಲರನ್ನು ಎರವಲು ತಂದೆ. ಅದು ನಿಮಿಷಕ್ಕೆ 16.67 ಲೀಟರಿನಂತೆ 24 ಗಂಟೆಯಲ್ಲಿ ಸುಮಾರು 24 ಘನಮೀಟರ್ ಗಾಳಿಯನ್ನು 47 ಮಿಲಿಮೀಟರ್ ವ್ಯಾಸದ ಫಿಲ್ಟರಿನ ಮೂಲಕ ಎಳೆಯುತ್ತದೆ. ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರೋಮೀಟರಿನವರೆಗಿನ ಸಣ್ಣ ಕಣಗಳಿಗೆ, ನಮ್ಮ ದೇಶದಲ್ಲಿ ದಿನದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ಗಾಳಿಯಲ್ಲಿ ಅಷ್ಟು ಧೂಳಿದ್ದರೂ ದಿನವಿಡೀ ಫಿಲ್ಟರಿನ ಮೇಲೆ ಕೂರುವುದು 1.44 ಮಿಲಿಗ್ರಾಂ ಮಾತ್ರ. ಹೀಗಾಗಿ ಬೆರಳು ತಾಗಿದರೂ, ತೂಗುವ ಮೊದಲು ಮತ್ತು ಅನಂತರ ಫಿಲ್ಟರನ್ನು ಒಂದೇ ತಾಪ, ಒಂದೇ ತೇವಾಂಶದ ಕೋಣೆಯಲ್ಲಿ ಒಂದು ದಿನ ಇಡದಿದ್ದರೂ ಆ ದಿನದ ಕೆಲಸ ವ್ಯರ್ಥ.

ಗಡಿಯಾರದ ವಿಷಯದಲ್ಲಿ ನಾನು ಒಂದು ವಾರ ಕಳೆದುಕೊಂಡೆ. ಒಂದು ಮಾಪಕ ಗ್ರೀನ್‌ವಿಚ್ ಸಮಯದಲ್ಲಿ ದಾಖಲಿಸುತ್ತಿದ್ದುದನ್ನು ಗಮನಿಸದೆ, ಐದೂವರೆ ಗಂಟೆ ಸರಿದ ಅಂಕಿಗಳನ್ನೇ ಸ್ಯಾಂಪ್ಲರಿನ ದಿನಕ್ಕೆ ಹೋಲಿಸುತ್ತಿದ್ದೆ. ಬೆಳಗಿನ ಏಳರ ಧೂಳು ನಸುಕಿನ ಒಂದೂವರೆಯ ಲೆಕ್ಕದಲ್ಲಿ ಕಂಡಾಗಲೇ ಅದು ತಿಳಿದದ್ದು.

ಸರಿಪಡಿಸಿದ ಮೇಲೆ, ಒಣಹವೆಯ ದಿನಗಳಲ್ಲಿ ಪಿಎಂ 2.5ರ ಅಂಕಿ ಫಿಲ್ಟರಿನ ತೂಕಕ್ಕೆ ಸಾಕಷ್ಟು ಹತ್ತಿರ ಬಂದಿತು. ಮಳೆಗಾಲದಲ್ಲಿ ಮಾತ್ರ ಮಾಪಕಗಳು ಮೇಲೇರಿದವು: ತೇವ ಹೀರಿ ಉಬ್ಬಿದ ಕಣ ಹೆಚ್ಚು ಬೆಳಕನ್ನು ಚದುರಿಸುತ್ತದೆ, ಫಿಲ್ಟರಿನಲ್ಲಿ ಆ ನೀರಿನ ಬಹುಪಾಲು ತೂಗುವ ಮೊದಲೇ ಆರಿಹೋಗಿರುತ್ತದೆ. ತೇವಾಂಶದ ಅಂಕಿಯನ್ನೂ ಸೇರಿಸಿ ತಿದ್ದುಪಡಿ ಮಾಡಿದಾಗ ಈ ಅಂತರ ಬಹುಪಾಲು ಕುಗ್ಗಿತು.

ಪಿಎಂ 10ಕ್ಕೆ, ಅಂದರೆ 10 ಮೈಕ್ರೋಮೀಟರಿನವರೆಗಿನ ಕಣಗಳಿಗೆ, ಅಂಥ ಪರಿಹಾರ ಸಿಗಲಿಲ್ಲ. ದಾಲ್ ಮಿಲ್ಲುಗಳ ತೊಗರಿ ಹೊಟ್ಟು, ರಸ್ತೆಯ ಮಣ್ಣು, ಕಲ್ಲಿನ ಪುಡಿ, ಹೀಗೆ ನಮ್ಮಲ್ಲಿ ಏಳುವ ಧೂಳಿನಲ್ಲಿ ದಪ್ಪ ಕಣಗಳೇ ಹೆಚ್ಚು; ಅವನ್ನು ಒಳಗೆಳೆಯುವ ಶಕ್ತಿ ಆ ಪುಟ್ಟ ಫ್ಯಾನಿಗಿಲ್ಲ. ಸ್ಯಾಂಪ್ಲರಿಗೆ ಪಿಎಂ 10ರ ತಲೆ (ಆ ಗಾತ್ರದವರೆಗಿನ ಕಣಗಳನ್ನಷ್ಟೇ ಒಳಬಿಡುವ ಗಾಳಿಯ ಬಾಯಿ) ಜೋಡಿಸಿ ತೂಗಿದಾಗ, ಗಾಳಿ ಬೀಸಿದ ದಿನಗಳಲ್ಲಿ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ಮಾಪಕದ ಪಿಎಂ 10 ಮಾತ್ರ ಅದರದೇ ಪಿಎಂ 2.5ಕ್ಕಿಂತ ಅಷ್ಟಿಷ್ಟೇ ಹೆಚ್ಚಿತ್ತು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿಯ ಮಿತಿ ಮೀರಿದ ನಗರಗಳ ಪಟ್ಟಿಯಲ್ಲಿ ಕಲಬುರಗಿಯೂ ಇರುವುದರಿಂದ ಈ ತಪ್ಪು ನನಗೆ ಸಣ್ಣದೆನಿಸುವುದಿಲ್ಲ. ಯಾರಾದರೂ ಅಂಕಿ ಕೇಳಿದರೆ ಈಗ ತಿದ್ದಿದ ಪಿಎಂ 2.5ನ್ನು ತೇವಾಂಶದೊಡನೆ ಕೊಡುತ್ತೇನೆ, ಪಿಎಂ 10ರ ಸಾಲನ್ನು ಅಳಿಸಿಯೇ ಕಳುಹಿಸುತ್ತೇನೆ.