ಕುಸುಬಿ, ಶೇಂಗಾ, ಅಗಸಿ, ತುಪ್ಪ: ಗಂಗಾಳದಲ್ಲಿ ಯಾವ ಕೊಬ್ಬು ಎಷ್ಟಿರಬೇಕು

"ಯಾವ ಎಣ್ಣಿ ಚಲೋ?" ಎಂದು ಕೇಳಿದರೆ ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೊಂದು ಉತ್ತರ ಸಿಗುತ್ತದೆ. ಒಬ್ಬರು ಗಾಣದ ಕುಸುಬಿ ಅಂತಾರೆ, ಇನ್ನೊಬ್ಬರು ಶೇಂಗಾ. ಕೇಳಬೇಕಾದ್ದು ಬೇರೆ: ನಿಮ್ಮ ಗಂಗಾಳದಲ್ಲಿ ಯಾವ ಕೊಬ್ಬು ಹೆಚ್ಚಾಗಿದೆ, ಯಾವುದು ಬೀಳುತ್ತಲೇ ಇಲ್ಲ?

ಮೊದಲು ಅಳತೆ. ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2010ರಲ್ಲಿ ಕೊಟ್ಟ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಎಣ್ಣೆ-ತುಪ್ಪ-ಬೆಣ್ಣೆ ಸೇರಿ. ಅಂದರೆ ಇಬ್ಬರಿಗೆ ತಿಂಗಳಿಗೆ ಸುಮಾರು ಒಂದೂವರೆ ಲೀಟರ್. ತಿಂಗಳ ಮೊದಲ ದಿನ ಇಷ್ಟನ್ನೇ ಡಬ್ಬಿಗೆ ಸುರಿದಿಡಿ, ಯಾವ ತಾರೀಖಿಗೆ ಮುಗಿಯುತ್ತದೆ ನೋಡಿ. ಕಣ್ಣಿಗೆ ಕಾಣದ ಕೊಬ್ಬು ಇದರಲ್ಲಿಲ್ಲ: ಶೇಂಗಾ ಕಾಳಿನ ಅರ್ಧದಷ್ಟು ತೂಕ ಎಣ್ಣೆಯೇ, ಒಂದು ಹಿಡಿ (30 ಗ್ರಾಂ) ತಿಂದರೆ 14 ಗ್ರಾಂ ಒಳಗೆ ಹೋಯಿತು.

ಎಣ್ಣೆ, ತುಪ್ಪ ಎರಡೂ ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ಮೂರು ಕೊಬ್ಬಿನಾಮ್ಲ ಸೇರಿ ಆದ ಕೊಬ್ಬು. ಗ್ರಾಂಗೆ 9 ಕ್ಯಾಲೊರಿ ಕೊಡುತ್ತವೆ, ರೊಟ್ಟಿಯ ಪಿಷ್ಟ ಕೊಡುವುದು 4. ಎ, ಡಿ, ಇ, ಕೆ ಜೀವಸತ್ವಗಳು ರಕ್ತ ಸೇರಲು ಕೊಬ್ಬು ಬೇಕು. ಹಸಿ ಮೆಂತ್ಯ, ಗಜ್ಜರಿಯ ಪಚಡಿಗೆ ಒಂದು ಚಮಚ ಎಣ್ಣೆ ಹಾಕುವ ರೂಢಿ ಬರೀ ರುಚಿಗಲ್ಲ. ಫಾಸ್ಫೋಲಿಪಿಡ್ ಎಂಬ ಇನ್ನೊಂದು ಬಗೆಯ ಕೊಬ್ಬಿನಿಂದ ಜೀವಕೋಶದ ಪೊರೆ ಕಟ್ಟುತ್ತದೆ. ಕೊಲೆಸ್ಟ್ರಾಲ್ ಕೂಡ ದೇಹಕ್ಕೆ ಬೇಕು, ಪಿತ್ತರಸ ಮತ್ತು ಹಲವು ಹಾರ್ಮೋನುಗಳಿಗೆ. ಅದನ್ನು ಪಿತ್ತಜನಕಾಂಗವೇ ತಯಾರಿಸುತ್ತದೆ. ಕಾಳಿನ ಎಣ್ಣೆಯಲ್ಲಿ ಅದು ಹೇಗೂ ಇರುವುದಿಲ್ಲ, "ಕೊಲೆಸ್ಟ್ರಾಲ್ ಇಲ್ಲ" ಎಂದು ಎಣ್ಣೆ ಪ್ಯಾಕೆಟ್ ಮೇಲೆ ಬರೆಯುವುದು ನೀರಿನ ಬಾಟಲಿ ಮೇಲೆ "ಕಲ್ಲಿಲ್ಲ" ಎಂದು ಬರೆದ ಹಾಗೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಹೆಚ್ಚಾಗಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದು. ತುಪ್ಪದಲ್ಲಿ ಅದು ಅರ್ಧಕ್ಕಿಂತ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು. ಬಿಸಿ ರೊಟ್ಟಿಗೆ ಒಂದು ಚಮಚ ತುಪ್ಪ ಸಾಕು.

ದೇಹ ತಾನೇ ತಯಾರಿಸಲಾಗದ ಕೊಬ್ಬಿನಾಮ್ಲ ಎರಡು. ಒಮೇಗಾ-6 ನಮಗೆ ಧಾರಾಳ: ಹಳೆಯ ತಳಿಯ ಕುಸುಬಿ ಎಣ್ಣೆಯ ಮುಕ್ಕಾಲು ಪಾಲು ಅದೇ, ಗುರೆಳ್ಳಿನಲ್ಲೂ ಅದೇ ಜಾಸ್ತಿ. ಬೀಳದಿರುವುದು ಒಮೇಗಾ-3. ಅದಕ್ಕೆ ಮನೆಯಲ್ಲಿರುವ ಮದ್ದು ಅಗಸಿ ಹಿಂಡಿ (ಅಗಸಿಯ ಚಟ್ನಿಪುಡಿ). ಒಂದು ದೊಡ್ಡ ಚಮಚ (7 ಗ್ರಾಂ) ಅಗಸಿ ಪುಡಿಯಲ್ಲಿ ಸುಮಾರು 1.6 ಗ್ರಾಂ ಒಮೇಗಾ-3 ಇದೆ.

150 ಗ್ರಾಂ ಅಗಸಿ ಇಬ್ಬರಿಗೆ ಹತ್ತು ದಿನಕ್ಕೆ ಸಾಕು. ಆರಿಸಿ, ದಪ್ಪ ತಳದ ಬಾಣಲಿಯಲ್ಲಿ ಸಣ್ಣ ಉರಿಗೆ ಕೈಬಿಡದೆ ಹುರಿಯಿರಿ. ಚಟಪಟ ಸದ್ದು ಜೋರಾಗಿ, ಎರಡು ಕಾಳು ಹಲ್ಲಿಗೆ ಗರಿಗರಿ ಅಂದರೆ ಇಳಿಸಿ, ಕಪ್ಪಾದರೆ ಕಹಿ. 8–10 ಬ್ಯಾಡಗಿ ಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಕರಿಬೇವು, ಅರ್ಧ ಗಡ್ಡಿ ಬೆಳ್ಳುಳ್ಳಿ ಬೇರೆಯಾಗಿ ಹುರಿಯಿರಿ. ಬೆಳ್ಳುಳ್ಳಿಯ ಪಸೆ ಪೂರ್ತಿ ಆರಬೇಕು, ಇಲ್ಲವಾದರೆ ಹಿಂಡಿ ಬೇಗ ಬೂಸ್ಟು ಹಿಡಿಯುತ್ತದೆ. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಉಪ್ಪು ಸೇರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿ ಇರುವಾಗ ರುಬ್ಬಿದರೆ ಎಣ್ಣೆ ಬಿಟ್ಟು ಗಂಟು ಕಟ್ಟುತ್ತದೆ. ಇಡಿ ಕಾಳು ನುಂಗಿದರೆ ಪ್ರಯೋಜನವಿಲ್ಲ, ಬಹುತೇಕ ಹಾಗೆಯೇ ಹೊರಗೆ ಹೋಗುತ್ತದೆ. ಪುಡಿ ಮಾಡಿದ ಮೇಲೆ ಗಾಳಿಗೆ ಬೇಗ ಕಮಟುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಸಾಧ್ಯವಾದರೆ ಫ್ರಿಜ್. ಬಣ್ಣದ ಡಬ್ಬಿ ತೆರೆದಂಥ ವಾಸನೆ ಬಂದರೆ ಚೆಲ್ಲಿಬಿಡಿ.

ಕರಿಯಲು ಹಳೆಯ ತಳಿಯ ಕುಸುಬಿ ಬೇಡ. ಬಾಣಲಿಯ ಅಂಚಿಗೆ ವಾರ್ನಿಶ್‌ನಂತೆ ಕಟ್ಟುವ ಜಿಗುಟು ಅದು ಶಾಖಕ್ಕೆ ಕೆಡುವ ಗುರುತು. ಮಿರ್ಚಿಗೆ ಶೇಂಗಾ ಎಣ್ಣೆ ಬಳಸಿ, ಹೊಗೆ ಏಳುವ ಮೊದಲೇ ಹಿಟ್ಟು ಬಿಡಿ. ವನಸ್ಪತಿ ಕೊಳ್ಳುವವರು ಲೇಬಲ್‌ನಲ್ಲಿ ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು) ನೋಡಿ. 2022ರಿಂದ ಕಾನೂನಿನ ಮಿತಿ ನೂರಕ್ಕೆ 2. ಕರಿದು ಉಳಿದ ಎಣ್ಣೆ ಸೋಸಿ, ಎರಡು-ಮೂರು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಅದರ ಮೇಲೆ ಹೊಸ ಎಣ್ಣೆ ಸುರಿಯಬೇಡಿ, ಹೊಸದೂ ಬೇಗ ಕೆಡುತ್ತದೆ. ನೊರೆ ಇಳಿಯದಿದ್ದರೆ, ಕಾಯುತ್ತಿದ್ದಂತೆ ಹೊಗೆಯಾಡಿದರೆ ಅದನ್ನು ಒಗ್ಗರಣೆಗೂ ಹಾಕಬೇಡಿ.